ಮಾಡಿ ನೋಡಿದ್ದು

“ಬಿಳಿ ಭಾಗ ಬರಬಾರದಂತೆ, ಕಹಿ ಆಗುತ್ತಂತೆ,” ಎಂದು ಮಗಳು ಅಮ್ಮನ ಕೈಬರಹ ಓದಿ ಹೇಳಿದಳು. ನಟಿ ತನ್ನ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಐದನೆಯ ಕಿತ್ತಳೆಯ ಸಿಪ್ಪೆಯನ್ನು ಇನ್ನಷ್ಟು ಹಗುರವಾಗಿ ತುರಿಯತೊಡಗಿದಳು. ಒಂದು ಕಾಲದಲ್ಲಿ ಈಕೆಯ ಮುಖ ಅಂಟಿಸದ ಗೋಡೆ ಊರಲ್ಲಿರಲಿಲ್ಲ. ಈಗ ಸಾವಾದ ಮನೆಯ ಅಡುಗೆಮನೆಯಲ್ಲಿ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ನಿಂತಿದ್ದಳು.

ತೀರಿಕೊಂಡವಳ ಗಂಡನ ಅಕ್ಕ ಬಾಗಿಲಿಗೆ ಬಂದು ನೋಡಿದಳು. ಒಲೆಯ ಮೇಲೆ ಬೆಣ್ಣೆ ಕರಗುತ್ತಿತ್ತು, ಓವನ್ನಿನ ಕೆಂಪು ದೀಪ ಹೊತ್ತಿತ್ತು.

“ಏನೇ ಇದು? ಹೊರಗೆ ಅವಳನ್ನ ಮಲಗಿಸಿದೀವಿ, ಒಳಗೆ ಕೇಕಾ?”

“ನಾಳೆ ಪುಟಕ್ಕೆ, ಅತ್ತೆ.”

“ಅವಳಿಲ್ಲ ಅಂದ್ರೆ ನಾಳೆ ಪೇಪರ್ ಬರಲ್ವಾ?”

“ಪೇಪರ್ ಬರುತ್ತೆ. ಅಮ್ಮನ ಪುಟ ಬರಲ್ಲ.”

ಆ ಪುಟವನ್ನು ಅವಳಮ್ಮ ಇಪ್ಪತ್ತಾರು ವರ್ಷ ದಿನಾ ತಂದಿದ್ದಳು. ಮೇಲ್ಗಡೆ ಒಬ್ಬ ತಾರೆಯ ಬದುಕು, ನಡುವೆ ಪಾರ್ಟಿಗೊಂದು ತಿನಿಸು, ಕೆಳಗೆ ಸುತ್ತಮುತ್ತಲಿನ ಒಂದು ಹಳೆಯ ಕಟ್ಟಡವೋ ಬಾವಿಯೋ ಕಂಬವೋ. ಪತ್ರಿಕೆಯ ಘನಂದಾರಿಗಳು ಅದನ್ನು ಟೈಂಪಾಸ್ ಪುಟ ಎನ್ನುತ್ತಿದ್ದರು, ಬೆಳಿಗ್ಗೆ ಮೊದಲು ಬಿಡಿಸುತ್ತಿದ್ದುದು ಮಾತ್ರ ಅದನ್ನೇ. ತಿನಿಸಿನ ಕೆಳಗೆ ಎರಡೇ ಪದ ಇರುತ್ತಿದ್ದವು: ಮಾಡಿ ನೋಡಿದ್ದು. ಮನೆಯಲ್ಲಿ ಮಾಡಿ, ತಿಂದು ನೋಡದೆ ಆ ಎರಡು ಪದ ಅಚ್ಚಾಗುತ್ತಿರಲಿಲ್ಲ. ಆ ಎರಡು ಪದವಿಲ್ಲದೆ ಪುಟವೂ ಅಚ್ಚಾಗುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನಕ್ಕೆ ನಾಳೆಯ ಪುಟ ಪೂರ್ತಿ ಬರೆದಿಟ್ಟು, ಸಂಜೆ ಹನ್ನೆರಡು ಕಿತ್ತಳೆ, ಇಪ್ಪತ್ತು ಮೊಟ್ಟೆ ಹಿಡಿದು ಮನೆಗೆ ಬಂದಳು. ಒಂದು ನಿಮಿಷ ಕೂತ್ಕೋತೀನಿ ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ.

ಬೆಳಿಗ್ಗೆ ಸಂಪಾದಕ ಫೋನ್ ಮಾಡಿ ಎರಡು ಮಾತು ಸಂತಾಪ ಹೇಳಿದ. ಮೂರನೆಯ ಮಾತು, ಮೂರು ಗಂಟೆಯೊಳಗೆ ಪುಟ ಬರದಿದ್ದರೆ ಅಲ್ಲಿಗೆ ಜಾಹೀರಾತು ಸಿದ್ಧವಿದೆ ಎಂಬುದಾಗಿತ್ತು. ಬಹಳ ದಿನದಿಂದ ಅವನ ಕಣ್ಣು ಆ ಜಾಗದ ಮೇಲಿತ್ತು. ಒಮ್ಮೆ ಜಾಹೀರಾತು ಬಂದು ಕೂತರೆ ಎಬ್ಬಿಸುವವರಾರು? ಮನೆಯಲ್ಲಿ ಆ ಫೋನ್ ಎತ್ತಿಕೊಂಡದ್ದು, ಬೆಳಿಗ್ಗೆಯೇ ಬಂದಿದ್ದ, ಪತ್ರಿಕೆಯಲ್ಲಿ ಪುಟ ಕಟ್ಟುವವನು. ಬರೆದದ್ದನ್ನೆಲ್ಲ ಜಾಗಕ್ಕೆ ತಕ್ಕಂತೆ ಕತ್ತರಿಸುತ್ತಿದ್ದನೆಂದು ಆಕೆ ಹದಿನೆಂಟು ವರ್ಷದ ಹಿಂದೆಯೇ ಅವನಿಗೆ ಕತ್ತರಿ ಎಂದು ಹೆಸರಿಟ್ಟಿದ್ದಳು.

“ಆ ಎರಡು ಪದ ಹಾಕಿ ಕಳಿಸಿಬಿಡ್ಲಾ?” ಎಂದು ಕತ್ತರಿ ಮೆಲ್ಲಗೆ ಕೇಳಿದ್ದ. “ಯಾರಿಗೆ ಗೊತ್ತಾಗುತ್ತೆ?”

“ಹಾಗಾದ್ರೆ ಜಾಹೀರಾತೇ ಹಾಕ್ಲಿ ಬಿಡಿ,” ಎಂದಿದ್ದಳು ಮಗಳು. “ಅದು ಸುಳ್ಳು ಅಂತ ಓದೋರಿಗೆ ಮೊದಲೇ ಗೊತ್ತಿರುತ್ತೆ.”

ಶವದ ಗಾಡಿಗೆ ಮೂರೂವರೆಗೆ ಹೇಳಿದ್ದರು. ಅಷ್ಟರೊಳಗೆ ಇಪ್ಪತ್ತು ಜನಕ್ಕಾಗುವ ಒಂದು ಕಿತ್ತಳೆ ಕೇಕ್ ಬೇಯಬೇಕಿತ್ತು.

* * *

ಪುಟ ಶುರುವಾದ ಮೊದಲ ವರ್ಷ ಆಕೆ ಯಾರೋ ಓದುಗರು ಕಳಿಸಿದ ಸಿಹಿಯೊಂದನ್ನು ಮಾಡಿ ನೋಡದೆ ಹಾಕಿದ್ದಳು. ಮೂರನೆಯ ದಿನ ಒಬ್ಬ ಹೆಂಗಸು ದೊಡ್ಡ ತಟ್ಟೆಯೊಂದನ್ನು ಹೊತ್ತು ಕಚೇರಿಗೆ ಬಂದಳು. ತಂಗಿಯ ನಿಶ್ಚಿತಾರ್ಥಕ್ಕೆ ಬಂದ ಮೂವತ್ತು ಜನರ ಮುಂದೆ ಮಾನ ಹೋಯಿತಂತೆ. ತಟ್ಟೆಯನ್ನು ಮೇಜಿನ ಮೇಲಿಟ್ಟು, “ನೀವೇ ತಿನ್ನಿ,” ಎಂದಳು. ತಟ್ಟೆಯಲ್ಲಿದ್ದದ್ದು ಗೋಡೆಗೆ ಪೋಸ್ಟರ್ ಅಂಟಿಸಲು ಚೆನ್ನಾಗಿತ್ತು. ಇಡೀ ಕಚೇರಿ ನೋಡುತ್ತಿದ್ದಂತೆ ಆಕೆ ಎರಡು ಚಮಚ ತಿಂದಳು.

ಅವತ್ತು ಮನೆಗೆ ಹೋಗಿ ಅದನ್ನು ಮೂರು ಸಲ ಮಾಡಿದಳು. ನೀರು ಅರ್ಧ ಸಾಕು ಎಂದು ತಿಳಿಯಿತು. ತಪ್ಪು ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿದಳು. ಎರಡು ಪದ ಹುಟ್ಟಿದ್ದು ಆ ವಾರ.

ರುಚಿ ನೋಡುವ ಕೆಲಸ ಗಂಡನ ಪಾಲಿಗೆ ಬಂತು. ಅವನು ಲೇತ್ ಮೆಷಿನ್ನಿನಲ್ಲಿ ದುಡಿದವನು. ಕಬ್ಬಿಣದ ತುಂಡೊಂದು ಕೂದಲೆಳೆಯಷ್ಟು ದಪ್ಪವಾಗಿದ್ದರೂ ಬೆರಳಲ್ಲೇ ಹೇಳುತ್ತಿದ್ದ. ಹೆಂಡತಿಯ ತಟ್ಟೆಯ ಮುಂದೆ ಮಾತ್ರ ಆ ಕಟ್ಟುನಿಟ್ಟೆಲ್ಲ ಎಲ್ಲಿ ಹೋಗುತ್ತಿತ್ತೋ.

“ಚೆನ್ನಾಗಿದೆ.”

“ಉಪ್ಪು?”

“ಸರಿಯಾಗಿದೆ.”

“ಉಪ್ಪೇ ಹಾಕಿಲ್ಲ ಕಣ್ರೀ.”

“ಅದಕ್ಕೇ ಸರಿಯಾಗಿದೆ ಅಂದಿದ್ದು.”

ಆಕೆ ನಕ್ಕು, ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

* * *

ಮೂವತ್ತೈದು ನಿಮಿಷಕ್ಕೆ ಸರಿಯಾಗಿ ಕೇಕ್ ಹೊರಬಂತು. ಮೇಲೆ ಹೊಂಬಣ್ಣ, ಮನೆ ತುಂಬ ಘಮ. ಗೊಣಗುತ್ತಿದ್ದ ಅಕ್ಕ ಕೂಡ ಹತ್ತಿರ ಬಂದು ಇಣುಕಿದಳು. ಮಗಳು ನಡುವಿನಿಂದ ಒಂದು ತುಂಡು ಕತ್ತರಿಸಿ ಅಪ್ಪನ ಕೈಗಿಟ್ಟಳು. ಆಗ ಒಂದೂಕಾಲು. ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕತ್ತರಿಯಂತೂ ಎರಡು ಪದ ಹಾಕಲು ಲ್ಯಾಪ್‌ಟಾಪ್ ತೆರೆದೇ ಬಿಟ್ಟಿದ್ದ.

ಅವನು ನಿಧಾನವಾಗಿ ಅಗಿದ. ತುಂಡನ್ನು ಬೆರಳಲ್ಲಿ ಒತ್ತಿ ನೋಡಿದ.

“ಬೆಂದಿಲ್ಲ,” ಎಂದ.

ಮಗಳು ಅಪ್ಪನ ಮುಖವನ್ನೇ ನೋಡಿದಳು.

“ಅಂಚು ಸರಿಯಿದೆ. ನಡು ಹಸಿ. ಇದನ್ನ ಅವಳ ಹೆಸರಲ್ಲಿ ಕಳಿಸಕ್ಕಾಗಲ್ಲ.”

ಮಗಳು ಹಾಳೆ ತಿರುಗಿಸಿದಳು. ಹಿಂದೆ ಪೆನ್ಸಿಲ್ಲಿನಲ್ಲಿ ಲೆಕ್ಕವಿತ್ತು. ಅಮ್ಮ ಹತ್ತು ಜನದ ಅಳತೆಯನ್ನು ಇಪ್ಪತ್ತಕ್ಕೆ ಏರಿಸಿದ್ದಳು. ಸಾಮಾನೆಲ್ಲ ದುಪ್ಪಟ್ಟಾಗಿತ್ತು, ನಿಮಿಷ ಮಾತ್ರ ಹಾಗೇ ಉಳಿದಿತ್ತು. ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು. ಉತ್ತರ ಹುಡುಕುವ ಕೆಲಸ ನಿನ್ನೆ ಸಂಜೆಯದಾಗಿತ್ತು.

“ತಿರುಗಿ ಒಳಗಿಡ್ರೋ, ಬೇಯುತ್ತೆ,” ಎಂದಳು ಅಕ್ಕ.

“ಬೇಯುತ್ತೆ ಅಕ್ಕ. ಎಷ್ಟು ನಿಮಿಷ ಅಂತ ಬರೀಬೇಕಲ್ಲ? ತೆಗೆದು ಇಟ್ಟಿದ್ದಕ್ಕೆ ಲೆಕ್ಕ ಸಿಗಲ್ಲ.”

ಇನ್ನೂ ಆರು ಕಿತ್ತಳೆ, ಹತ್ತು ಮೊಟ್ಟೆ ಉಳಿದಿದ್ದವು. ಯಾವ ತಿನಿಸಿಗೂ ಆಕೆ ಎರಡು ಸಲಕ್ಕಾಗುವಷ್ಟು ತರುತ್ತಿದ್ದಳು, ಒಮ್ಮೆ ಕೆಡಲಿಕ್ಕೆ, ಒಮ್ಮೆ ಸರಿಯಾಗಲಿಕ್ಕೆ. ಅಕ್ಕ ಒಂದು ಗಳಿಗೆ ತಮ್ಮನ ಮುಖ ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಮೊಟ್ಟೆ ಒಡೆಯಲು ನಿಂತಳು.

ನಟಿ ಮತ್ತೆ ತುರಿಯುತ್ತ ಹೇಳಿದಳು: “ನನ್ನ ಬಗ್ಗೆ ಬರೆದಾಗ ವಯಸ್ಸು ನಲವತ್ತೊಂದು ಅಂತ ಹಾಕಿದ್ರು. ಎಲ್ಲರೂ ಮೂವತ್ತಮೂರು ಅಂತ ಹಾಕೋರು, ನಾನು ಹೇಳ್ತಿದ್ದಿದ್ದೂ ಅದೇ. ಇವರು ನಾನು ಓದಿದ ಶಾಲೆಗೇ ಹೋಗಿ ನೋಡ್ಕೊಂಡು ಬಂದಿದ್ರು. ಆರು ತಿಂಗಳು ಮಾತು ಬಿಟ್ಟಿದ್ದೆ.”

“ಆಮೇಲೆ?” ಎಂದಳು ಅಕ್ಕ.

“ಆಮೇಲೆ ತಾಯಿ ಪಾತ್ರಗಳು ಬಂದ್ವು. ಇವತ್ತಿಗೂ ಅದರಲ್ಲೇ ಊಟ.”

ಈ ಸಲ ಗಂಡ ಕುರ್ಚಿ ಎಳೆದುಕೊಂಡು ಓವನ್ನಿನ ಎದುರು ಕೂತ. ನಲವತ್ತನೆಯ ನಿಮಿಷಕ್ಕೆ ಚಾಕು ಚುಚ್ಚಿದರೆ ಹಿಟ್ಟು ಅಂಟಿತು. ನಲವತ್ತೈದಕ್ಕೂ ಅಂಟಿತು. ಐವತ್ತಕ್ಕೆ ಚಾಕು ಒಳಗೆ ಹೋದಷ್ಟೇ ಶುಭ್ರವಾಗಿ ಹೊರಬಂತು. ನಡುವಿನ ತುಂಡನ್ನು ಬಾಯಿಗಿಟ್ಟುಕೊಂಡು, “ಈಗ ಬೆಂದಿದೆ,” ಎಂದವನೇ ಗಳಗಳನೆ ಅತ್ತುಬಿಟ್ಟ. ನಿನ್ನೆಯಿಂದ ಅತ್ತಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಅವನ ತಲೆ ಸವರಿದಳು.

ಗಂಟೆ ಎರಡೂ ಮುಕ್ಕಾಲು. ಇನ್ನೊಂದು ಕೆಲಸ ಬಾಕಿಯಿತ್ತು. ಒಬ್ಬರು ಮೂಲ ಹಾಳೆ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯಲ್ಲಿ ತಾಳೆ ನೋಡಬೇಕು. ಹಾಗಲ್ಲದೆ ಯಾವ ಪುಟವೂ ಹೋಗುತ್ತಿರಲಿಲ್ಲ. ಹದಿನೆಂಟು ವರ್ಷ ಓದಿದ್ದು ಆಕೆ. ಕತ್ತರಿ ಆಕೆಯನ್ನು ಮಲಗಿಸಿದ್ದ ಮುಂದಿನ ಕೋಣೆಯಲ್ಲಿ, ಪ್ಲಗ್ ಇದ್ದ ಗೋಡೆಗೊರಗಿ ನೆಲದಲ್ಲಿ ಕೂತ.

“ಯಾರು ಓದ್ತೀರಿ?”

ಗಂಡ ಹಾಳೆಗಳನ್ನು ಕೈಗೆತ್ತಿಕೊಂಡು ಹೆಂಡತಿಯ ತಲೆಯ ಹತ್ತಿರ ನಿಂತ. ಕೋಣೆಯಲ್ಲಿದ್ದ ನಲವತ್ತು ಜನ, ಅವನು ಆಕೆಯ ಬಗ್ಗೆ ಮಾತಾಡುತ್ತಾನೆಂದು ತಿಳಿದು ಎದ್ದು ನಿಂತರು. ಅವನು ಗಂಟಲು ಸರಿಮಾಡಿಕೊಂಡು, ಥಿಯೇಟರ್ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿ ಗಾಯಕಿಯಾದ ಕತೆ ಓದಿದ. ಆಮೇಲೆ ಮೈದಾ ಆರುನೂರು ಗ್ರಾಂ, ಬೆಣ್ಣೆ ನಾನೂರು ಗ್ರಾಂ ಎಂದ. ಮೂವತ್ತೈದನ್ನು ಹೊಡೆದು ಮಗಳು ಬರೆದಿದ್ದ ‘ಬೇಯಲು ಐವತ್ತು ನಿಮಿಷ’ ಓದುವಾಗ ದನಿ ಒಂದಿಷ್ಟೂ ನಡುಗಲಿಲ್ಲ. ಎರಡು ಪದಗಳನ್ನೂ ಓದಿದ. ಕೊನೆಗೆ ಊರಿನ ಹಳೆಯ ಗಡಿಯಾರ ಗೋಪುರ ಬಂತು.

“ಮೆಟ್ಟಿಲುಗಳು ನೂರಾ ಹದಿನಾಲ್ಕು. ಪುಸ್ತಕಗಳಲ್ಲಿ ನೂರಾ ಇಪ್ಪತ್ತು ಎಂದಿದೆ. ನಾವು ಎರಡು ಸಲ ಹತ್ತಿ ಎಣಿಸಿದೆವು.”

ಎರಡನೆಯ ಸಲ, ಮಂಡಿನೋವಿನಲ್ಲಿ, ಅವಳ ಹಿಂದೆ ಎಣಿಸುತ್ತ ಹತ್ತಿದವನು ಅವನೇ.

“ಸರಿಯಿದೆ,” ಎಂದು ಕತ್ತರಿ ಕಳಿಸುವ ಗುಂಡಿ ಒತ್ತಿದ. ಮೂರಕ್ಕೆ ಐದು ನಿಮಿಷವಿತ್ತು. ಮಗಳು ಅಪ್ಪನ ಪಕ್ಕ ಬಂದು ನಿಂತಳು.

ಬಾಗಿಲ ಬಳಿ, ಆಗಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬ ಅಪರಿಚಿತ ಹೆಂಗಸು ಕೈಚೀಲದೊಳಗೆ ತಡಕಾಡಿ ಪೆನ್ನು ತೆಗೆದಳು. ಕಾಗದ ಸಿಗಲಿಲ್ಲ, ಎಡಗೈ ಬಿಡಿಸಿ ಅಂಗೈ ಮೇಲೆ ಪೆನ್ನಿಟ್ಟಳು.

“ತಪ್ಪು ತಿಳ್ಕೋಬೇಡಿ,” ಎಂದಳು. “ಬೆಣ್ಣೆ ಎಷ್ಟು ಅಂದ್ರಿ?”

ಅವಳ ಹಿಂದೆ ಇನ್ನೂ ಇಬ್ಬರು ಪೆನ್ನು ಹುಡುಕುತ್ತಿದ್ದರು. ಅವನು ಹೆಂಡತಿಯ ಮುಖ ನೋಡಿದ, ಹಾಳೆ ಹಿಂದಕ್ಕೆ ತಿರುವಿದ, ಮೈದಾದಿಂದ ಮತ್ತೆ ಓದತೊಡಗಿದ, ಈ ಸಲ ಬರೆದುಕೊಳ್ಳುವವರಿಗೆ ಸಿಗುವಷ್ಟು ನಿಧಾನವಾಗಿ.