ಕಿಟಕಿ ಪಕ್ಕದ ಪ್ರಾರ್ಥನೆ

ಮೂವತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಸೀಮೆಸುಣ್ಣ ಸವೆಸಿ ನಿವೃತ್ತರಾದ ಟೀಚರಮ್ಮ, ಮನೆಯಲ್ಲಿ ಕಾಲು ಚಾಚಿ ಕೂರುವುದು ಬಿಟ್ಟು, ಚರ್ಚಿನ ಸ್ವಯಂಸೇವಕಿಯಾಗಿ ಸಮುದ್ರ ದಾಟಿ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊರಟಾಗ ತಂಗಿ ಹಣೆ ಹಣೆ ಚಚ್ಚಿಕೊಂಡಿದ್ದಳು.

"ಅಕ್ಕಾ, ಮೊಣಕಾಲು ನೋವು ಇಟ್ಕೊಂಡು ಯಾವ ದೇಶಕ್ಕೋ ಹೋಗ್ತೀನಿ ಅಂತೀಯಲ್ಲ, ಇಲ್ಲೇನು ಮಕ್ಕಳಿಗೆ ಬರ ಬಂದಿದೆಯಾ?"

"ಇಲ್ಲಿನ ಮಕ್ಕಳಿಗೆ ನನ್ನ ಬೈಗುಳ ಎಲ್ಲಾ ಬಾಯಿಪಾಠ ಆಗಿಹೋಗಿದೆ ಕಣೇ. ಅಲ್ಲಾದ್ರೆ ಎಷ್ಟು ಬೈದ್ರೂ ಯಾರಿಗೂ ಅರ್ಥ ಆಗಲ್ಲ," ಎಂದು ನಕ್ಕಿದ್ದರು ಟೀಚರಮ್ಮ.

ಆ ಮಾತು ಮುಂದೆ ತಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಪಾಪ ಅವರಿಗೇನು ಗೊತ್ತು!

ಶಾಲೆ ಅಂದರೆ ಚರ್ಚಿನ ಹಿಂದಿನ ಒಂದೇ ಕೋಣೆ. ಒಂಬತ್ತು ಬೆಂಚು, ಹದಿನೆಂಟು ಮಕ್ಕಳು, ಎಲ್ಲಕ್ಕೂ ಆರೇಳು ವರ್ಷ. ಒಂದು ಕಿಟಕಿ, ಅದರ ಚಿಲಕಕ್ಕೆ ದಿನಾ ಬೆಳಿಗ್ಗೆ ಅಂಗೈಯಿಂದ ಎರಡು ಬಿಗಿಯದಿದ್ದರೆ ಅದು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಟೀಚರಮ್ಮನ ಪಾಠದ ಕ್ರಮ ಊರಲ್ಲಿದ್ದದ್ದೇ. ಅವರು ಒಂದು ಸಲ ಹೇಳಬೇಕು, ಮಕ್ಕಳು ಅದನ್ನೇ ಒಕ್ಕೊರಲಿನಿಂದ ಹೇಳಬೇಕು. ಅರ್ಥ ಆಮೇಲೆ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಮಕ್ಕಳೂ ಅಷ್ಟೇ, ಟೀಚರಮ್ಮ ಕೆಮ್ಮಿದರೆ ತಾವೂ ಕೆಮ್ಮುತ್ತಿದ್ದವು.

ಪಾಠಕ್ಕೆ ಮೊದಲು ಪ್ರಾರ್ಥನೆ. ಅದನ್ನು ಮಾತ್ರ ಟೀಚರಮ್ಮ ಕನ್ನಡದಲ್ಲೇ ಮಾಡುತ್ತಿದ್ದರು. ದೇವರ ಹತ್ತಿರ ಇಂಗ್ಲಿಷ್ ಯಾಕೆ, ಅವನೇನು ಇನ್‌ಸ್ಪೆಕ್ಟರೇ? ಮೇಜಿನ ಹಿಂದೆ ಕೈಮುಗಿದು, ಕಣ್ಣುಮುಚ್ಚಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಮಕ್ಕಳೂ ಕಣ್ಣುಮುಚ್ಚಿ ಏನೋ ಗುನುಗುತ್ತಿದ್ದವು. ತಮ್ಮ ತಮ್ಮ ಭಾಷೆಯಲ್ಲಿ ಪ್ರಾರ್ಥಿಸುತ್ತಿವೆ ಎಂದು ಟೀಚರಮ್ಮನಿಗೆ ಹೆಮ್ಮೆ. ಎದುರಿನ ಬ್ರೆಡ್ ಅಂಗಡಿಯಾಕೆ ಒಮ್ಮೆ, "ನಮ್ಮ ಅವಳಿಗಳು ಮನೆಯಲ್ಲೂ ನಿಮ್ಮ ಇಂಗ್ಲಿಷ್ ಪ್ರಾರ್ಥನೆ ಹೇಳ್ತಾವೆ" ಎಂದು ತನ್ನ ಭಾಷೆಯಲ್ಲಿ ಹೇಳಿದಾಗಲೂ, ಇವರು ಅರ್ಧ ಅರ್ಥ ಮಾಡಿಕೊಂಡು ಪೂರ್ತಿ ತಲೆಯಾಡಿಸಿದ್ದರು.

ಎಲ್ಲ ಮಕ್ಕಳೂ ಅರಳು ಹುರಿದ ಹಾಗೆ ಮಾತಾಡುತ್ತಿದ್ದವು, ಒಬ್ಬಳನ್ನು ಬಿಟ್ಟು. ಕಿಟಕಿ ಪಕ್ಕ ಕೂರುವ, ಟೀಚರಮ್ಮ ಪುಟ್ಟಿ ಎಂದೇ ಕರೆಯುವ ಹುಡುಗಿ. ಶಾಲೆಗೆ ಸೇರಿದಂದಿನಿಂದ ಆಕೆ ತುಟಿ ಎರಡು ಮಾಡಿರಲಿಲ್ಲ. ಕೇಳಿದರೆ ನಗುತ್ತಿದ್ದಳು, ಬರೆ ಎಂದರೆ ಬರೆಯುತ್ತಿದ್ದಳು, ಹೇಳು ಎಂದರೆ ತಲೆ ತಗ್ಗಿಸುತ್ತಿದ್ದಳು. ಅವಳ ಅಜ್ಜಿ ದಿನಾ ಕರೆದೊಯ್ಯಲು ಬಂದಾಗ, ಇವತ್ತಾದರೂ ಮಾತಾಡಿದಳೇ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಇಲ್ಲ ಎಂದು ತಲೆಯಾಡಿಸುವುದು ಟೀಚರಮ್ಮನಿಗೆ ದಿನದ ಶಿಕ್ಷೆಯಾಗಿತ್ತು. ಅದಕ್ಕೇ ಪ್ರಾರ್ಥನೆಯ ಕೊನೆಯ ಮಾತನ್ನು ಅವರು ಮೇಜಿನ ಹತ್ತಿರ ಹೇಳುತ್ತಿರಲಿಲ್ಲ. ಕಿಟಕಿ ತೆರೆಯಲು ಹೋದಾಗ, ಪುಟ್ಟಿಯ ತಲೆಯ ಮೇಲೆ ಬಾಗಿ, ಪಿಸುಗುಟ್ಟುತ್ತಿದ್ದರು.

ಆರು ತಿಂಗಳ ಅವಧಿ ಮುಗಿಯುತ್ತ ಬಂದಾಗ ಊರಿನ ಚರ್ಚಿನಿಂದ ಪತ್ರ ಬಂತು. ಅಯ್ಯನವರು, ಅಂದರೆ ಅವರನ್ನು ಕಳಿಸಿದ ಪಾದ್ರಿಗಳು, ಖುದ್ದಾಗಿ ಬರುತ್ತಾರೆ. ಮಕ್ಕಳು ಎಷ್ಟು ಕಲಿತಿದ್ದಾರೆ ನೋಡಿ, ಟೀಚರಮ್ಮನನ್ನು ಇನ್ನೊಂದು ವರ್ಷ ಉಳಿಸುವುದೋ, ವಾಪಸು ಕರೆಸಿ ಚಿಕ್ಕ ವಯಸ್ಸಿನವರನ್ನು ಕಳಿಸುವುದೋ ತೀರ್ಮಾನಿಸುತ್ತಾರೆ.

"ಒಳ್ಳೇದೇ ಆಯ್ತು, ಬಂದುಬಿಡು ಅಕ್ಕಾ," ಎಂದಳು ತಂಗಿ ಫೋನಿನಲ್ಲಿ.

"ಬರೋಕೇನು ಕಣೇ. ಆದ್ರೆ ಆ ಪುಟ್ಟಿ ಬಾಯಿಂದ ಒಂದು ಮಾತು ಕೇಳದೆ ನಾನು ವಿಮಾನ ಹತ್ತಲಾರೆ."

ಆ ದಿನದಿಂದ ಬೆಳಗಿನ ಪ್ರಾರ್ಥನೆಗೆ ಇನ್ನೊಂದು ಕೋರಿಕೆ ಸೇರಿಕೊಂಡಿತು.

ಹೇಳಿದ ದಿನಕ್ಕೆ ಅಯ್ಯನವರು ಬಂದರು. ಕೈಯಲ್ಲಿ ನಾಲ್ಕು ಹಾಳೆಯ ಉಪದೇಶದ ಪ್ರಸಂಗ, ಮುಖದಲ್ಲಿ ಗಾಂಭೀರ್ಯ. ಕುರ್ಚಿಯಲ್ಲಿ ಕೂತು, "ಎಲ್ಲಿ, ಮಕ್ಕಳಿಗೆ ಚೆನ್ನಾಗಿ ಬರೋ ಇಂಗ್ಲಿಷ್ ಏನಾದ್ರೂ ಹೇಳಿಸಿ ಟೀಚರಮ್ಮ," ಎಂದರು.

ಟೀಚರಮ್ಮ ಇಂಗ್ಲಿಷ್ ಎಂದು ಕೈಸನ್ನೆ ಮಾಡಿದ್ದೇ ತಡ, ಮಕ್ಕಳು ಎದ್ದು ನಿಂತು, ಕಣ್ಣುಮುಚ್ಚಿ, ಕೈಮುಗಿದು, ತಮಗೆ ಎಲ್ಲಕ್ಕಿಂತ ಚೆನ್ನಾಗಿ ಬರುವ ಇಂಗ್ಲಿಷನ್ನು ಸೂರು ಹಾರುವಂತೆ ಶುರುಮಾಡಿದವು.

"ಕರ್ತನೇ, ಈ ಕಪಿಸೈನ್ಯದ ಮುಂದೆ ನನ್ನ ಮಾನ ಕಾಪಾಡು! ಮೊಣಕಾಲು ನೋವನ್ನು ಮಧ್ಯಾಹ್ನದವರೆಗೆ ತಡೆದಿಡು! ತಂಗಿ ಇವತ್ತು ಫೋನ್ ಮಾಡಿ ತಲೆ ತಿನ್ನದಿರಲಿ!"

ಟೀಚರಮ್ಮ ನಿಲ್ಲಿಸಿ ಎಂದು ಕೈಯೆತ್ತಿದರು. ಮಕ್ಕಳು ಕಣ್ಣುಮುಚ್ಚಿದ್ದವಲ್ಲ, ಯಾರಿಗೆ ಕಾಣಬೇಕು!

"ಅಯ್ಯನವರು ಬಂದಾಗ ಉದ್ದ ಪ್ರಸಂಗ ಮಾಡದಿರಲಿ! ಮಾಡಿದರೂ ನನಗೆ ಆಕಳಿಕೆ ಬಾರದಿರಲಿ!"

ಅಷ್ಟಕ್ಕೆ ಮಕ್ಕಳು ನಿಂತುಬಿಟ್ಟವು. ಅವಕ್ಕೆ ಕೇಳಿಸಿದ್ದೇ ಅಷ್ಟು. ಅಯ್ಯನವರ ಮುಖ ಕೆಂಪಗಾಗಿತ್ತು. ಭೂಮಿ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು ಟೀಚರಮ್ಮನಿಗೆ. ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು, ಇನ್ನು ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಆಗ ಕಿಟಕಿ ಕಡೆಯಿಂದ ಒಂದು ಸಣ್ಣ ದನಿ ಕೇಳಿತು. ಪುಟ್ಟಿ ಕೈಮುಗಿದು ನಿಂತಿದ್ದಳು. ಪ್ರಾರ್ಥನೆ ಮುಗಿದಿಲ್ಲ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ತಂದೆಯೇ," ಎಂದಳು ನಿಧಾನಕ್ಕೆ, ಒಂದಕ್ಷರ ತಪ್ಪದೆ, "ಈ ನನ್ನ ಪುಟ್ಟಿ ಒಂದೇ ಒಂದು ಮಾತಾಡಲಿ. ಆಮೆನ್."

ಟೀಚರಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತೇಬಿಟ್ಟರು. ಸಂತೋಷಕ್ಕೆ ಇಷ್ಟು ಅಳು ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

"ಇವಳೇನಾ ನೀವು ಪತ್ರದಲ್ಲಿ ಬರೆದಿದ್ದ ಮಾತಾಡದ ಹುಡುಗಿ?" ಎಂದು ಕೇಳಿದರು ಅಯ್ಯನವರು.

"ಹೌದು ಅಯ್ಯನವರೇ. ತಾನು ಏನು ಹೇಳಿದೆ ಅಂತ ಅವಳಿಗೇ ಗೊತ್ತಿಲ್ಲ."

ಅಯ್ಯನವರು ನಾಲ್ಕು ಹಾಳೆಯನ್ನೂ ಮಡಚಿ ಜೇಬಿಗೆ ಇಟ್ಟುಕೊಂಡರು. "ನನ್ನ ಪ್ರಸಂಗ ಇವತ್ತು ಎರಡೇ ಮಾತು. ಇನ್ನೊಂದು ವರ್ಷ ಇಲ್ಲೇ ಇರಿ. ಮತ್ತೆ, ದಯವಿಟ್ಟು ಇವಕ್ಕೆ ಇಂಗ್ಲಿಷನ್ನೂ ಸ್ವಲ್ಪ ಕಲಿಸಿ," ಎಂದು ಹೇಳಿ, ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಟೀಚರಮ್ಮ ಬಹಳ ಎಚ್ಚರಿಕೆಯಿಂದ, ಕಪಿ ಗಿಪಿ ಎನ್ನದೆ, ಪ್ರಾರ್ಥನೆ ಮುಗಿಸಿದರು. ಕಿಟಕಿಯ ಹತ್ತಿರ ಹೋದಾಗ ಸುಮ್ಮನೆ ಚಿಲಕಕ್ಕೆ ಎರಡು ಬಿಗಿದರು. ಕೇಳಿದ್ದು ಸಿಕ್ಕಮೇಲೆ ಮತ್ತೆ ಮತ್ತೆ ಕೇಳುವುದು ಚೆನ್ನಲ್ಲ.

ಯಾರೋ ಸೆರಗು ಜಗ್ಗಿದರು. ನೋಡಿದರೆ ಪುಟ್ಟಿ. ಟೀಚರಮ್ಮ ಮರೆತರು ಎಂದುಕೊಂಡು, ಹುಬ್ಬು ಗಂಟುಹಾಕಿ, ನೆನಪು ಮಾಡಿಕೊಡುತ್ತಿದ್ದಳು.

"ಪುಟ್ಟಿ," ಎಂದಳು ಗಟ್ಟಿಯಾಗಿ. "ಮಾತಾಡಲಿ."