ಕಾವಡಿ ಹೊತ್ತ ಮರದ ಮನುಷ್ಯ

ನಿನ್ನಾಣೆ ದೇವರೇ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಮೊಸಳೆಯನ್ನು ಗಾಡಿಗೆ ಹೂಡಿ ಜೋಳ ಸಾಗಿಸಿದೆ ಎಂದದ್ದು ಸುಳ್ಳು, ಅದು ಬಿಡು, ಇದು ನಿಜ — ಊದುಬತ್ತಿಯ ಹೊಗೆ ಈ ನಿನ್ನ ಗುಡಿಯ ತಗಡಿನ ಸೂರಿಗೆ ತಾಗಿ ವಾಪಸ್ಸು ಇಳಿಯುತ್ತಿದೆ, ನಿನ್ನ ಪೀಠದಲ್ಲಿ ಕೆತ್ತಿದ ಸೇನಾಪತಿಗಳು, ಬಾವಲಿಗಳು, ಪೀಚ್ ಹಣ್ಣುಗಳು ಎಲ್ಲ ಬಂಗಾರ ಬಳಿದುಕೊಂಡು ಹೊಳೆಯುತ್ತಿವೆ, ಬಲಮೂಲೆಯಲ್ಲಿ ಕಾವಡಿ ಹೊತ್ತ ಗೇಣುದ್ದದ ಮನುಷ್ಯನ ಮುಖ ಮಾತ್ರ ಕಪ್ಪು, ಬರೀ ಮರ, ಹದಿನೆಂಟು ವರ್ಷ ಒಂದೇ ಹೆಬ್ಬೆರಳು ದಿನಾ ಸವರಿ ಸವರಿ ಬಂಗಾರ ಹೋಯಿತು, ಆ ಹೆಬ್ಬೆರಳಿನವನು ಇಗೋ ನನ್ನ ಪಕ್ಕದಲ್ಲೇ ಕೂತಿದ್ದಾನೆ, ತರಕಾರಿ ಬೆಳೆಯುವ ಕ್ವಾನ್, ಹೊಸ ಜೋಡು ಮೆಟ್ಟಿಕೊಂಡು, ಇನ್ನೊಂದು ಗಳಿಗೆಗೆ ಕೇರ್ನ್ಸ್ ಬಂದರಿನ ರೈಲು, ಅಲ್ಲಿಂದ ಹಡಗು, ಸಮುದ್ರದಾಚೆ ಹುಟ್ಟೂರಲ್ಲಿ ಮೂವತ್ತೊಂದು ವರ್ಷದಿಂದ ಕಾದ ಹೆಂಡತಿ — ಹದಿನೆಂಟು ವರ್ಷದ ಹಿಂದೆ, ಈ ಪೀಠವನ್ನು ನಮ್ಮ ದೇಶದ ಕ್ಯಾಂಟನ್ನಿನಲ್ಲಿ ಕೆತ್ತಿಸುವುದು, ಕಾಣಿಕೆ ಕೊಟ್ಟವರ ಹೆಸರನ್ನೆಲ್ಲ ಅದರ ಮೇಲೆ ಕೊರೆಸುವುದು ಎಂದಾದಾಗ ಪಟ್ಟಿ ಬರೆಯುವ ಕೆಲಸ ನನಗೆ ಬಂತು, ಕ್ವಾನ್ ಬಳಿ ಕೊಡಲು ಏನೂ ಇರಲಿಲ್ಲ, ಬಾಯಲ್ಲೊಂದು ಬಂಗಾರದ ಹಲ್ಲಿತ್ತು, ಇಕ್ಕಳ ತಂದು ನನ್ನ ಕೈಲೇ ಕೀಳಿಸಿದ, ಕರಗಿಸಿ ದೇವರಿಗೆ ಬಳೀಲಿ ಕಣೋ ಲುಮ್, ನನ್ನ ಹೆಸರು ಮಾತ್ರ ಸರಿಯಾಗಿ ಬರಿ, ಈ ಕಾಡಲ್ಲಿ ಬಿದ್ದಿರೋ ನನ್ನನ್ನ ದೇವರು ಗುರುತು ಹಿಡೀಬೇಕಲ್ಲ ಅಂದ. ಕುಂಚ ಅದ್ದಿದ್ದೆ, ಅಷ್ಟರಲ್ಲಿ ಯಾರೋ ಆ ಮೊಸಳೆ ಕಥೆ ಇನ್ನೊಂದ್ಸಲ ಹೇಳೋ ಅಂದರು, ಹೇಳಿದೆ, ಚೆನ್ನಾಗಿಯೇ ಹೇಳಿದೆ, ಬಿದ್ದು ಬಿದ್ದು ನಕ್ಕರು, ನಗು ನಿಲ್ಲುವ ಮೊದಲೇ ಪಟ್ಟಿ ಮಡಿಚಿ ಅಂಟಿಸಿದೆ — ಹಲ್ಲು ಹಡಗು ಹತ್ತಿತು, ಹೆಸರು ಹತ್ತಲಿಲ್ಲ. ಪೀಠ ಬಂದು, ನಿನ್ನ ಕಣ್ಣು ತೆರೆಸುವ ಶಾಸ್ತ್ರ ಮುಗಿದ ಮೇಲೆ ಅದಕ್ಕೆ ಉಳಿ ತಾಗಿಸುವ ಹಾಗಿಲ್ಲ, ಅವನ ಹೆಸರು ಬಿಟ್ಟದ್ದು ನನಗೆ ಗೊತ್ತಾದದ್ದು ಅದರ ಮಾರನೆಯ ದಿನ, ಓದು ಬಾರದ ಕ್ವಾನ್ ಬಂದು ನಾನೆಲ್ಲಿದೀನೋ ತೋರಿಸು ಅಂದಾಗ. ಬುರುಡೆ ಬಿಡಲು ನನ್ನ ಬಾಯಿಗೆ ನನ್ನ ಅಪ್ಪಣೆ ಬೇಕಿಲ್ಲ, ನಿಂಗ್ಯಾಕಣ್ಣ ಹೆಸರು, ಹೆಸರು ಬೇಕಾದ್ದು ಮುಖ ಇಲ್ಲದೋರಿಗೆ, ಕಾಗದ ಬರೆದು ನಿನ್ನನ್ನೇ ಕೆತ್ತಿಸಿದೀನಿ ನೋಡು, ಕಾವಡಿ ಸಮೇತ. ಮೂಗು ನಂದಲ್ಲ ಕಣೋ. ಕೆತ್ತಿದೋನು ನಿನ್ನ ನೋಡಿಲ್ವಲ್ಲ, ನಿನ್ನ ಪುಣ್ಯ ಅಂದ್ಕೋ. ನಕ್ಕ, ಹಲ್ಲಿಲ್ಲದ ಸಂದಿ ಕಪ್ಪಗೆ ಕಂಡಿತು, ಅವತ್ತಿಂದ ದಿನಾ ಬಂದು ಸವರಿದ, ಸವೆದು ಸವೆದು ಈಗ ಮೂಗು ನಿಜಕ್ಕೂ ಅವನದೇ ಆಗಿದೆ — ಅವನ ತೊಡೆಯ ಮೇಲೆ ತೆಳು ಕಾಗದ, ಮರದ ಮನುಷ್ಯನ ಮೇಲಿಟ್ಟು ಇದ್ದಿಲು ಉಜ್ಜಿ ತೆಗೆದ ಅಚ್ಚು, ನನ್ನವಳು ಗುರುತು ಹಿಡೀದಿದ್ರೆ ಇದನ್ನ ತೋರಿಸ್ತೀನಿ ಲುಮ್, ಅಲ್ಲಿ ದೇವರ ಪಕ್ಕ ನಿಂತಿದ್ದೆ ಕಣೇ ಅಂತೀನಿ ಅನ್ನುತ್ತಾನೆ, ಆದರೆ ಇಲ್ಲಿಂದ ಮರಳಿದವರು ಆ ಊರಲ್ಲಿ ಆರು ಮಂದಿ ಇದ್ದಾರೆ, ಓದಬಲ್ಲವರು, ಇವನ ಹೆಸರು ಪೀಠದ ಮೇಲೆಲ್ಲೂ ಇಲ್ಲವೆಂದು ಬಲ್ಲವರು, ಹೆಂಡತಿಯ ಎದುರಿಗೇ ನಗುತ್ತಾರೆ, ಹೇಳಿಬಿಡು ಬಾಯೇ, ಹೇಳು — ಕ್ವಾನಣ್ಣ, ಒಂದು ಮಾತು. ಇನ್ನೊಂದು ಬುರುಡೇನಾ, ಬೇಗ ಬಿಡು, ಹಡಗಲ್ಲಿ ನಗೋಕೆ ಬೇಕು. ಬುರುಡೆ ಅಲ್ಲಣ್ಣ, ದೇವರಾಣೆ ಅಕ್ಷರ ಅಕ್ಷರ ನಿಜ, ಆ ಪಟ್ಟಿ ಬರೆದ ದಿನ ನಾನು ನಿನ್ನ — ಎದ್ದುಬಿಟ್ಟ, ಹೆಬ್ಬೆರಳಿನಿಂದ ಆ ಮುಖವನ್ನೊಮ್ಮೆ ಸವರಿದ, ನೀನು ಆಣೆ ಇಟ್ಟೆ ಅಂದ್ರೆ ಮೊಸಳೆಗಿಂತ ದೊಡ್ಡದೇ ಇರ್ಬೇಕು ಕಣೋ, ರೈಲು ಹೋಗ್ತದೆ, ಹೊರಟೇ ಹೋದ, ಹೊಸ ಜೋಡು ಕಿರುಗುಟ್ಟುತ್ತಾ ಹೊಸ್ತಿಲು ದಾಟಿತು, ನಾನು ನಿನ್ನ ಹೆಸರು, ಅಣ್ಣ, ನಾನು ನಿನ್ನ — ಬಾಗಿಲಲ್ಲಿ ಬರೀ ಬಿಸಿಲು, ಬಲಮೂಲೆಯಲ್ಲಿ ಆ ಮುಖ, ಅಷ್ಟೊಂದು ಬಂಗಾರದ ನಡುವೆ ಒಂದು ಹೆಬ್ಬೆರಳಿನಷ್ಟು ಕಪ್ಪು, ಕಿತ್ತ ಹಲ್ಲಿನ ಸಂದಿಯಂತೆ ಕಪ್ಪು,