ಗಂಜಿ, ಹಾಲು, ಆಲೂಗಡ್ಡೆ

ಎರಡು ವರ್ಷ ಆಡಿಯೂ ಒಂದೇ ಒಂದು ಅಂಕ ಗಳಿಸದ ತಂಡವನ್ನು ನೀವು ಕಂಡಿರಲಿಕ್ಕಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ನಾರ್ವೆಯವರು ಕಟ್ಟಿದ ಪುಟ್ಟ ಕಾಲೇಜಿನಲ್ಲಿ ಅಂಥದೊಂದು ತಂಡವಿತ್ತು. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಯ ಗೆರೆ ದಾಟಿಸಬೇಕು, ಆಟ ಇಷ್ಟೇ. ಇವರು ಆ ಗೆರೆಯನ್ನು ಹತ್ತಿರದಿಂದ ನೋಡಿದವರೇ ಅಲ್ಲ! ಆದರೂ ಪ್ರತಿ ಶನಿವಾರ ಮೂಗಿನ ರಕ್ತ ಒರೆಸಿಕೊಂಡು ಮತ್ತೆ ಎದ್ದು ನಿಲ್ಲುತ್ತಿದ್ದರಲ್ಲ ಆ ಹುಡುಗರು, ಭಲೇ ಅನ್ನದೆ ಇರಲಾಗುತ್ತಿರಲಿಲ್ಲ.

ಸನ್ನೆ ಕೂಗುವವನು ಸಿವರ್ಟ್. ಗಿಡ್ಡ ಆಳು. ತರಗತಿಯಲ್ಲಿ ಇಂಗ್ಲಿಷ್ ಪಾಠ ಒಪ್ಪಿಸಲು ನಿಂತರೆ ನಾಲಿಗೆ ತೊದಲುತ್ತಿತ್ತು, ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು. ಮೈದಾನದಲ್ಲಿ ಮಾತ್ರ ಮನೆಮಾತಾದ ನಾರ್ವೆ ಭಾಷೆಯದೇ ಕಾರುಬಾರು. ‘ಹಾಲು’ ಅಂದರೆ ಎಡಕ್ಕೆ, ‘ಆಲೂಗಡ್ಡೆ’ ಅಂದರೆ ಬಲಕ್ಕೆ, ‘ಗಂಜಿ’ ಅಂದರೆ ನಟ್ಟನಡುವೆ ನುಗ್ಗು. ಅವನು ಕೂಗಿದರೆ ಹತ್ತು ಧಡಿಯರು ಹೇಳಿದಂತೆ ಕೇಳುತ್ತಿದ್ದರು. ಅವರಲ್ಲಿ ಕ್ವಿನ್ಲನ್ ಒಬ್ಬ ಐರಿಷ್ ಹುಡುಗ. ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು ಈ ಮೂರೇ ಮಾತು. ತಡವರಿಸದೆ, ಗಂಟಲೆತ್ತಿ ಸಿವರ್ಟ್ ಮಾತಾಡುತ್ತಿದ್ದುದು ಅಲ್ಲೊಂದೇ ಕಡೆ. ಆಟ ನಿಂತರೆ ತನ್ನ ದನಿಯೂ ನಿಂತಂತೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ವರ್ಷ ಕಾಲೇಜಿನ ಮುಖ್ಯಸ್ಥರಾದ ಪಾದ್ರಿ ಬ್ರೆಕ್ಕೆ ಕಡ್ಡಿ ಮುರಿದಂತೆ ಹೇಳಿದರು: “ಹಬ್ಬದ ದಿನದ ಪಂದ್ಯಾನೇ ಕೊನೆ. ಅದರಲ್ಲೂ ಸೊನ್ನೆ ಸುತ್ತಿದ್ರೆ ಗೋಲಿನ ಕಂಬ ಕುಯ್ಸಿ ಒಲೆಗೆ ಹಾಕಿಸ್ತೀನಿ. ನಿಮ್ಮ ಮೂಳೆ ಮುರಿಯೋದಕ್ಕಿಂತ ಅದು ಮುರಿಯೋದು ವಾಸಿ.”

ದೇವರಿಗೆ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಕಾಲೇಜಿನ ಜವಾನ ನಿಜಕ್ಕೂ ಗರಗಸ ತಂದು ಕಂಬಕ್ಕೆ ಒರಗಿಸಿಟ್ಟಿದ್ದ. ಎದುರಾಳಿಗಳು ರೈಲು ಜಂಕ್ಷನ್ ಊರಿನ ಕಾಲೇಜಿನವರು. ಅವರ ನಡುವೆ ದಪ್ಪ ಮೀಸೆಯ ಆಸಾಮಿಯೊಬ್ಬನಿದ್ದ. ಸಿವರ್ಟ್ ಏನು ಕೂಗಿದರೆ ಚೆಂಡು ಯಾವ ಕಡೆ ಹೋಗುತ್ತದೆಂದು ಅವನು ಮೊದಮೊದಲು ಕಿವಿಗೊಟ್ಟು ಗಮನಿಸುತ್ತಿದ್ದ.

“ಗಂಜಿ!” ಸಿವರ್ಟ್ ಮತ್ತೆ ಕೂಗಿದ.

“ನಡುವೆ ಬರ್ತಾರೆ, ಬಿಗಿ ಹಿಡೀರೋ!” ಮೀಸೆಯವನು ತನ್ನವರಿಗೆ ಇಂಗ್ಲಿಷ್‌ನಲ್ಲಿ ಕೂಗಿದ. ಆಮೇಲೆ ಸಿವರ್ಟ್ ಕಡೆ ತಿರುಗಿ ಅಚ್ಚ ನಾರ್ವೆ ಭಾಷೆಯಲ್ಲಿ, “ಏನ್ ತಮ್ಮಾ, ಹಬ್ಬದ ದಿನಾನೂ ಗಂಜೀನಾ? ಮೀನು ಗೀನು ಏನೂ ಇಲ್ವಾ?” ಎಂದ.

“ಯಾರೋ ನೀನು?”

“ಟೊರ್ಗರ್. ಮರ ಕುಯ್ಯೋ ಮಿಲ್ಲಲ್ಲಿ ಕೆಲಸ. ಇವತ್ತೊಂದಿನ ವಿದ್ಯಾರ್ಥಿ!”

ಗುಟ್ಟು ರಟ್ಟಾಯಿತು. ಹಾಲು ಅಂದರೂ ಗೊತ್ತು, ಆಲೂಗಡ್ಡೆ ಅಂದರೂ ಗೊತ್ತು. ನಮ್ಮವರು ಮಣ್ಣು ಮುಕ್ಕಿದ್ದೇ ಮುಕ್ಕಿದ್ದು. ಆದರೂ ಬಿಡಬೇಕಲ್ಲ! ಹಲ್ಲು ಕಚ್ಚಿ, ಗೇಣು ಗೇಣಾಗಿ ಮುಂದೆ ಸರಿದು, ಹೊತ್ತು ಇಳಿಯುವ ವೇಳೆಗೆ ಗೆರೆಯ ಸಮೀಪಕ್ಕೆ ಬಂದರು. ಉಳಿದದ್ದು ಒಂದೇ ಪ್ರಯತ್ನ.

ಸನ್ನೆ ಸಿಕ್ಕೊಡನೆ ಹಿಂದಕ್ಕೆ ಕೊಡಲು ಚೆಂಡು ಹಿಡಿದು ಬಗ್ಗಿ ನಿಂತಿದ್ದ ಅಸ್ಲಾಕ್ ಗೊಣಗಿದ: “ಏನಾದ್ರೂ ಕೂಗೋ ಮಾರಾಯ, ಕೈ ಮರಗಟ್ತಾ ಇದೆ!”

ಏನು ಕೂಗುವುದು? ಕಾಲೇಜಿನ ಅಡುಗೆಮನೆಯಿಂದ ಹುರಿದ ಮಾಂಸದ ಘಮ ತೇಲಿ ಬಂತು. ಸಿವರ್ಟ್‌ಗೆ ಮನೆಯ ಊಟದ ಮೇಜು ನೆನಪಾಯಿತು. ಎಷ್ಟೇ ಹಸಿದಿರಲಿ, ಪ್ರಾರ್ಥನೆ ಶುರುವಾದರೆ ಅಪ್ಪನ ಕೈಯೂ ತಟ್ಟೆಯ ಮೇಲೆ ನಿಂತುಬಿಡುತ್ತಿತ್ತು. ದೇವರೇ, ತಪ್ಪಾದರೆ ಕ್ಷಮಿಸು ಎಂದುಕೊಂಡು ಮನೆಮಾತಿನಲ್ಲೇ ಬಾಯಿ ತೆರೆದ.

“ತಂದೆಯೇ, ಈ ಮೇಜಿನ ಮೇಲಿರುವುದೆಲ್ಲ ನಿನ್ನ ಕೈಯಿಂದ ಬಂದದ್ದು...”

ಟೊರ್ಗರ್‌ನ ಕೈಗಳು ತಾವಾಗಿಯೇ ಜೋಡಿಸಿಕೊಂಡವು, ತಲೆ ಬಾಗಿತು. ಅಯ್ಯೋ, ತನ್ನವರೂ ತಲೆ ಬಾಗಿಸಿಬಿಟ್ಟರಲ್ಲ! ಇದನ್ನು ಸಿವರ್ಟ್ ಯೋಚಿಸಿಯೇ ಇರಲಿಲ್ಲ. ಉಳಿದ ಎದುರಾಳಿಗಳೆಲ್ಲ ಏನೋ ಅನಾಹುತವಾಯಿತೆಂದು ಬೆಪ್ಪಾಗಿ ನೆಟ್ಟಗೆ ನಿಂತರು. ತನ್ನವರಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದವನು ಕ್ವಿನ್ಲನ್ ಒಬ್ಬನೇ. ಸಿವರ್ಟ್ ಮೊಣಕಾಲಿನಿಂದ ಅಸ್ಲಾಕ್‌ನನ್ನು ತಿವಿದ. ಚೆಂಡು ಹಿಂದಕ್ಕೆ ಬಂತು. ಅದನ್ನು ಕ್ವಿನ್ಲನ್ ಹೊಟ್ಟೆಗೆ ಒತ್ತಿ, “ಆಲೂಗಡ್ಡೆ!” ಎಂದ.

ಅದು ಅವನಿಗೆ ಅರ್ಥವಾಗುವ ಮಾತು. ಎದ್ದೆನೋ ಬಿದ್ದೆನೋ ಎಂದು ಬಲಕ್ಕೆ ಓಡಿ ಗೆರೆಯಾಚೆ ಬಿದ್ದ.

ಮೈದಾನ ಕಿತ್ತುಹೋಗುವಂತೆ ಕೇಕೆ ಎದ್ದಿತು. ಪಾದ್ರಿ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದರು.

“ನೋಡಿದ್ರಾ ಅಯ್ಯನವರೇ?” ಅಸ್ಲಾಕ್ ಕುಣಿಯುತ್ತ ಕೇಳಿದ.

“ಏನು ನೋಡ್ಲಿ? ಕಣ್ಣು ಮುಚ್ಚಿದ್ನಲ್ಲ!” ಎಂದವರು ಸಿವರ್ಟ್ ಮುಂದೆ ನಿಂತರು. “ದೇವರ ಹೆಸರಲ್ಲಿ ಮೋಸ ಮಾಡಿದ್ಯೇನೋ?”

ಸಿವರ್ಟ್ ಮುಖದ ಕೆಸರು ಒರೆಸಿಕೊಂಡ. “ಮೋಸಕ್ಕೇ ಶುರು ಮಾಡ್ದೆ ಅಯ್ಯನವರೇ. ಬಾಯಿಗೆ ಬಂದ್ಮೇಲೆ ನಿಜವಾಗ್ಲೂ ಬೇಡ್ಕೊಂಡೆ.”

ಪಾದ್ರಿ ಎದುರಾಳಿಗಳ ಕಡೆ ಒಮ್ಮೆ ನೋಡಿದರು. “ಅರ್ಧಕ್ಕೇ ಬಿಟ್ಟಿದ್ದೀಯ. ಮುಗಿಸು. ಇಂಗ್ಲಿಷಲ್ಲಿ ಹೇಳು, ಪಾಪ, ಅವರೂ ಹಸಿದಿದ್ದಾರೆ.”

ಎರಡೂ ತಂಡದವರು ಕೆಸರುಮುಖದಲ್ಲಿ ತಲೆ ಬಾಗಿಸಿ ನಿಂತರು. ಸಿವರ್ಟ್ ಹೇಳಿದ. ಎರಡು ಕಡೆ ತೊದಲಿದ. ಯಾರೂ ನಗಲಿಲ್ಲ. ಆಮೆನ್ ಎಲ್ಲರಿಗಿಂತ ಜೋರಾಗಿ ಅಂದವನು ಟೊರ್ಗರ್.

ಪಂದ್ಯ ಸೋತರು, ಆ ಮಾತು ಬಿಡಿ. ಪಾದ್ರಿ ಟೋಪಿ ಹಾಕಿಕೊಂಡು ಜವಾನನಿಗೆ ಗರಗಸ ಒಳಗಿಡಲು ಹೇಳಿದರು. ನಾಲ್ಕು ಹೆಜ್ಜೆ ಹೋದವರು ಮತ್ತೆ ತಿರುಗಿದರು.

“ಸಿವರ್ಟ್, ಮುಂದಿನ ವರ್ಷಕ್ಕೆ ಬೇರೇನಾದ್ರೂ ಹುಡುಕ್ಕೊಳ್ಳಪ್ಪ. ಇದು ಅವರಿಗೂ ಗೊತ್ತಾಗಿಹೋಯ್ತು.”